ಎಡಗೈಯ ಐದು

ಪರಿವೀಕ್ಷಕರಿಗೆ ಮೀಸೆ ಇತ್ತು. ಹಾಳೆ ಅಕ್ಕನ ಎದೆ ಧಸಕ್ಕೆಂದದ್ದು ಅದಕ್ಕೇ ಹೊರತು ಅವರು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದ ಫೈಲಿಗಲ್ಲ. ಮೇಲ್ತುಟಿ ಮುಚ್ಚುವಂಥ ಮೀಸೆಯವರ ಮಾತೆಂದರೆ ಅವಳ ಪಾಲಿಗೆ ಒಳಗಿನಿಂದ ಚಿಲಕ ಹಾಕಿದ ಮನೆ. ಮೀಸೆ ಇಲ್ಲದವರಾದರೆ ತುಟಿ ನೋಡಿಯೇ ಹತ್ತು ಮಾತಿನಲ್ಲಿ ನಾಲ್ಕನ್ನು ಹಿಡಿಯುತ್ತಿದ್ದಳು. ಉಳಿದ ಆರನ್ನು ಐವತ್ತಾರು ವರ್ಷ ಬದುಕಿದ ಯಾರು ಬೇಕಾದರೂ ಊಹಿಸಬಹುದು. ಜನ ಅಂಥಾ ಹೊಸ ಮಾತೇನು ಆಡುತ್ತಾರೆ?

ಅವಳ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು, ಗಿರಣಿ ದಿನಕ್ಕಿಷ್ಟು ಎಂದು ಕಿತ್ತುಕೊಂಡಿತು, ಪೂರ್ತಿ ಕಿತ್ತುಕೊಂಡ ಮೇಲೆ ತಾನೂ ಬಾಗಿಲು ಮುಚ್ಚಿತು. ಈಗ ವಾರದ ದಿನಗಳಲ್ಲಿ ಒಂದು ಲಾಂಡ್ರಿಯಲ್ಲಿ ಚಾದರ ಮಡಚುತ್ತಾಳೆ. ಭಾನುವಾರ ಮಾತ್ರ ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಉದ್ದ ಮೇಜಿಗೆ ಬಂದು ಅಂಕದ ಹಾಳೆ ತುಂಬುತ್ತಾಳೆ. ಯಾರು ಎಷ್ಟು ಅಂಕ ಹಾಕಿದರು, ಯಾರು ಎಷ್ಟು ತಪ್ಪು ಮಾಡಿದರು, ಎಲ್ಲ ಅವಳ ಪೆನ್ನಿನ ತುದಿಯಲ್ಲಿ. ಅದರಿಂದ ಬಂದದ್ದು ಹಾಳೆ ಅಕ್ಕ ಎಂಬ ಹೆಸರು. ಅವಳಿಗೆ ಏನೇನೂ ಕೇಳಿಸುವುದಿಲ್ಲ ಎಂಬುದು ಆ ಸಭಾಂಗಣದಲ್ಲಿ ಇಬ್ಬರಿಗೇ ಗೊತ್ತಿತ್ತು: ಪಕ್ಕದಲ್ಲಿ ಕೂತು ಗಡಿಯಾರ ನಡೆಸುವ ಅವಳ ಮಗಳಿಗೆ, ಮತ್ತು ಎಲ್ಲರೂ ನಾಲ್ಕೂವರೆ ಎಂದು ಕರೆಯುವ, ಸೀಟಿ ಊದುವ ರೆಫರಿಗೆ. ಮಿಕ್ಕವರು ‘ಅಕ್ಕನಿಗೆ ಸ್ವಲ್ಪ ಮಂದ’ ಎಂದುಕೊಂಡು ಸುಮ್ಮನಿದ್ದರು.

ಅವತ್ತು ಹುಡುಗಿಯರ ಪಂದ್ಯಾವಳಿಯ ಕೊನೆಯ ಆಟ. ಸಂಜೆ ನಾಲ್ಕಕ್ಕೇ ತಗಡಿನ ಚಾವಣಿಯ ಕೆಳಗೆ ಮೆಟ್ಟಿಲುಗಳು ತುಂಬಿದ್ದವು. ಅಕ್ಕ ಮೇಜಿನ ಕುಂಟುವ ಕಾಲಿನ ಕೆಳಗೆ ರಟ್ಟು ಮಡಚಿ ತುರುಕಿ, ಕೆಂಪು ಪೆನ್ನು ಒಂದು ಕಡೆ, ನೀಲಿ ಪೆನ್ನು ಒಂದು ಕಡೆ ಇಟ್ಟುಕೊಂಡು ಹೆಸರು ಬರೆಯುತ್ತಿದ್ದಳು. ಬಾಸ್ಕೆಟ್‌ಬಾಲ್ ಸಂಘ ಕಳಿಸಿದ್ದ ಪರಿವೀಕ್ಷಕರು ಬಂದು ಅವಳ ಬೆನ್ನ ಹಿಂದೆ ನಿಂತರು. ನಿಂತು ಏನೋ ಕೇಳಿದರು.

ಮೇಜಿನ ಕೆಳಗೆ ಮಗಳ ಮೊಣಕಾಲು ಅವಳ ಮೊಣಕಾಲಿಗೆ ಎರಡು ಸಲ ತಾಗಿತು. ಅಕ್ಕ ಥಟ್ಟನೆ ತಿರುಗಿ, ಆಟಕ್ಕೆ ಮುಂಚೆ ಈ ಜಾತಿಯವರು ಇನ್ನೇನು ಕೇಳಿಯಾರು ಎಂದು ತಂಡದ ಪಟ್ಟಿಯನ್ನೇ ಎತ್ತಿ ಕೊಟ್ಟಳು. ಅವರು ಪಟ್ಟಿ ನೋಡಿ ತಲೆದೂಗಿದರು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ ಅವಳು ಉಸಿರು ಬಿಟ್ಟಳು.

ಆದರೆ ಅವರು ಹೋಗಲಿಲ್ಲ. ಮಗಳ ಕಡೆ ಬಾಗಿ ಸುಮಾರು ಹೊತ್ತು ಮಾತಾಡಿದರು. ಮಗಳ ಮುಖ ಬಿಳಿಚಿಕೊಂಡಿತು. ಅವರು ಮೇಜಿನ ಆ ತುದಿಯ ಕುರ್ಚಿಗೆ ಹೋದ ಮೇಲೆ, ಮಗಳ ಕೈ ಮೇಜಿನ ಕೆಳಗೆ ಇಳಿಯಿತು. ಗಿರಣಿಯ ಗದ್ದಲದಲ್ಲಿ ಬಾಯಿ ಕೆಲಸಕ್ಕೆ ಬಾರದು. ಅಲ್ಲಿನ ಹೆಂಗಸರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು, ಬೈಯುವುದನ್ನೂ ಕೈಯಲ್ಲೇ ಬೈಯುತ್ತಿದ್ದರು. ಆ ಭಾಷೆಯನ್ನು ಮಗಳು ತಾಯಿಯ ಮಡಿಲಲ್ಲೇ ಕಲಿತಿದ್ದಳು. ಎರಡು ಬೆರಳು, ಆಮೇಲೆ ಕಿವಿ, ಆಮೇಲೆ ಅಂಗೈ: ಎರಡು ದೂರು ಬಂದಿದೆ, ನಿನ್ನ ಕಿವಿಯ ಮೇಲೆ ಒಂದು, ನಾಲ್ಕೂವರೆಯ ಕೈಯ ಮೇಲೆ ಒಂದು. ಕಣ್ಣು ತೋರಿಸಿ ಅಂಗೈ ಮೇಲೆ ಗೀರು ಎಳೆದಳು: ಇವತ್ತು ನೋಡಿ ವರದಿ ಬರೆಯುತ್ತಾರೆ. ಒಂದೇ ಒಂದು ಬೆರಳು, ಆಮೇಲೆ ಗುಡಿಸಿ ಹಾಕುವ ಹಾಗೆ ಕೈ: ಒಂದು ತಪ್ಪಾದರೂ ಮೇಜು ಬಿಡಬೇಕು.

‘ಅಮ್ಮ, ಸಾಕು ಮಾಡೋಣ. ಹೊಟ್ಟೆ ನೋವು ಅಂತ ಹೇಳ್ತೀನಿ. ಎದ್ದು ಹೋಗೋಣ’ ಎಂದು ಮಗಳ ತುಟಿ ಆಡಿತು.

‘ಹೊಟ್ಟೆನೋವು ನಿಂಗೆ ಬರಲಿ. ನಂಗ್ಯಾಕೆ?’ ಎಂದಳು ಅಕ್ಕ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದ ಮೇಲೆ ತಿಳಿಯಿತು.

ಎದ್ದು ಹೋಗುವುದೆಲ್ಲಿಗೆ? ಮನೆಯಲ್ಲಿ ಅಳಿಯ ಬಾಯಿ ತೆರೆದರೆ ಅವಳು ಮಗಳ ಮುಖ ನೋಡಬೇಕು. ಅಂಗಡಿಯವನಿಗೆ ಎರಡನೇ ಸಲ ‘ಏನಂದ್ರಿ’ ಎಂದರೆ ಅವನ ಮುಖ ಹುಳಿಯಾಗುತ್ತದೆ. ನೆಂಟರ ಮನೆಯಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ನಕ್ಕು, ಯಾವುದಕ್ಕೆ ನಕ್ಕೆನೋ ಗೊತ್ತಿಲ್ಲದೆ ಊಟ ಮುಗಿಸಿ ಬರಬೇಕು. ಇಡೀ ಲೋಕ ಅವಳ ಕಡೆ ಬೆನ್ನು ಮಾಡಿ ಮಾತಾಡುತ್ತಿತ್ತು. ಈ ಅಂಗಳದಲ್ಲಿ ಮಾತ್ರ, ವಾರಕ್ಕೊಂದು ದಿನ, ಆಳೆತ್ತರದ ಮನುಷ್ಯರು ಓಡಿ ಬಂದು ಅವಳೆದುರೇ ನಿಂತು, ಎರಡು ಕೈ ಎತ್ತಿ, ಅವಳಿಗೆಂದೇ ಮಾತಾಡುತ್ತಿದ್ದರು. ಅವಳು ಹೆಬ್ಬೆರಳು ಎತ್ತಿ ‘ತಿಳೀತು’ ಎನ್ನುವವರೆಗೆ ಆಟವೇ ಮುಂದೆ ಹೋಗುತ್ತಿರಲಿಲ್ಲ. ಅದನ್ನು ಬಿಡು ಎಂದರೆ ಹೇಗೆ ಬಿಟ್ಟಾಳು?

ಈ ಮೇಜಿಗೆ ಅವಳನ್ನು ತಂದು ಕೂರಿಸಿದವನೇ ನಾಲ್ಕೂವರೆ. ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಅವಳಿಗಿಂತ ಎಂಟು ವರ್ಷ ಚಿಕ್ಕವನು. ಹಲ್ಲುಚಕ್ರವೊಂದು ಅವನ ಎಡಗೈ ಕಿರುಬೆರಳನ್ನು ಅರ್ಧಕ್ಕಿಂತ ಕೆಳಗೆ ಕಚ್ಚಿಕೊಂಡು ಹೋಗಿತ್ತು. ಗಾಯ ಒಣಗುವ ಮೊದಲೇ ಗಿರಣಿಯ ಹೆಂಗಸರು ಆ ಹೆಸರಿಟ್ಟರು, ಅವನು ನಕ್ಕು ಒಪ್ಪಿಕೊಂಡ. ಈಗ ಪಂಪು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಹುಡುಗನಾಗಿದ್ದಾಗಿನಿಂದ ಬಾಸ್ಕೆಟ್‌ಬಾಲ್ ಹುಚ್ಚು, ಆಡುವ ವಯಸ್ಸು ದಾಟಿದ ಮೇಲೆ ಸೀಟಿ ಹಿಡಿದ. ಆರು ವರ್ಷದ ಹಿಂದೆ ಒಂದು ಭಾನುವಾರ ಹಾಳೆ ಬರೆಯುವವರು ಬರಲಿಲ್ಲ. ಅವನು ಅವಳ ಮನೆಗೆ ಓಡಿ ಬಂದು, ‘ಅಕ್ಕ, ನಾನು ಕೈಯಲ್ಲಿ ಹೇಳ್ತೀನಿ, ನೀವು ಬರೀರಿ. ಗಿರಣೀಲಿ ಮಾಡಿದ್ದೇ ತಾನೇ?’ ಎಂದಿದ್ದ. ಅವಳು ತನ್ನ ಮಾತು ಓದಲೆಂದು ಆ ವಾರವೇ ಮೀಸೆ ಬೋಳಿಸಿಕೊಂಡ. ಅವನ ಹೆಂಡತಿ ಹದಿನೈದು ದಿನ ಅವನನ್ನು ಗುರುತು ಸಿಗದವರ ಹಾಗೆ ನೋಡಿದಳಂತೆ.

ಸನ್ನೆ ಕಲಿಯಲು ಅವಳಿಗೆ ಎರಡು ವಾರ ಸಾಕಾಯಿತು. ಸೀಟಿಯ ಜೊತೆ ಬಿಚ್ಚಿದ ಅಂಗೈ ಮೇಲೆ ಹೋದರೆ ಸಣ್ಣ ತಪ್ಪು, ಚೆಂಡು ಎದುರಾಳಿಗೆ. ಮುಷ್ಟಿ ಮೇಲೆ ಹೋದರೆ ದೊಡ್ಡ ತಪ್ಪು, ಯಾರೋ ಯಾರನ್ನೋ ಮುಟ್ಟಿದ್ದಾರೆ, ಹಾಳೆಗೆ ಕೆಲಸ ಬಂತು. ಎರಡು ಮುಷ್ಟಿ ಒಂದರ ಸುತ್ತ ಒಂದು ಸುತ್ತಿದರೆ, ಚೆಂಡು ಹಿಡಿದು ನಡೆದುಬಿಟ್ಟಿದ್ದಾಳೆ. ಸೊಂಟದ ಮೇಲೆ ಎರಡು ಕೈ ಇಟ್ಟು ಜಗಳಕ್ಕೆ ನಿಂತ ಅತ್ತೆಯ ಹಾಗೆ ನಿಂತರೆ, ಅಡ್ಡ ನಿಂತು ದಾರಿ ಕಟ್ಟಿದ್ದಾಳೆ. ಮಣಿಕಟ್ಟಿಗೆ ಹೊಡೆದುಕೊಂಡರೆ, ಕೈಗೆ ಹೊಡೆದಿದ್ದಾಳೆ. ಇಂಥ ದೊಡ್ಡ ತಪ್ಪಾದಾಗ ರೆಫರಿ ಮೇಜಿನೆದುರು ಬಂದು ಅಲುಗದೆ ನಿಂತು ಮೂರು ಮಾತು ಹೇಳಬೇಕು: ಯಾರ ನಂಬರು, ಎಂಥ ತಪ್ಪು, ಏನು ದಂಡ. ನಂಬರು ಹತ್ತು ದಾಟಿದರೆ ಮುಷ್ಟಿಯೇ ಹತ್ತು, ಇನ್ನೊಂದು ಕೈಯ ಬೆರಳು ಮಿಕ್ಕಿದ್ದು. ಮುಷ್ಟಿ ಮತ್ತು ಎರಡು ಬೆರಳು ಎಂದರೆ ಹನ್ನೆರಡು. ಹಾಳೆಯಲ್ಲಿ ಪ್ರತಿ ಆಟಗಾರ್ತಿಯ ಹೆಸರಿನ ಮುಂದೆ ಐದು ಪುಟ್ಟ ಚೌಕ. ಐದೂ ತುಂಬಿದವಳು ಅಂಗಳ ಬಿಟ್ಟು ಹೊರಗೆ.

ಪುಸ್ತಕದ ಪ್ರಕಾರ ಮುಷ್ಟಿ ಬಲಗೈಯದು, ಬೆರಳು ಎಡಗೈಯವು. ನಾಲ್ಕೂವರೆ ಆರು ವರ್ಷದಿಂದ ಅದನ್ನು ತಿರುಗುಮುರುಗು ಮಾಡಿಕೊಂಡಿದ್ದ. ಮುಷ್ಟಿಗೆ ಬೆರಳಿನ ಲೆಕ್ಕ ಯಾರು ಕೇಳುತ್ತಾರೆ? ಅದಕ್ಕೆ ಎಡಗೈ. ಎಣಿಸುವುದಕ್ಕೆ ಐದೂ ಬೆರಳಿರುವ ಬಲಗೈ. ಮೇಜಿನಲ್ಲಿ ಇದ್ದವಳು ಅಕ್ಕ, ಹಾಗಾಗಿ ಯಾರೂ ಕೇಳಿರಲಿಲ್ಲ. ಅವನ ಕೈಯ ಕೊರತೆಯನ್ನು ಅವಳು ಮುಚ್ಚಿದಳು, ಅವಳ ಕಿವಿಯ ಕೊರತೆಯನ್ನು ಅವನು ಮುಚ್ಚಿದ. ಕುರುಡನ ಹೆಗಲ ಮೇಲೆ ಕುಂಟ ಕೂತು ಊರು ಸುತ್ತಿದ ಹಾಗೆ, ಆರು ವರ್ಷ ಒಂದು ಅಂಕ ಆಚೀಚೆ ಆಗಿರಲಿಲ್ಲ.

ಆಟ ಶುರುವಾಗಲು ಐದು ನಿಮಿಷ ಇದ್ದಾಗ ಅವನು ಮೇಜಿನ ಹತ್ತಿರ ಬಂದ. ಬೂಟಿನ ದಾರ ಕಟ್ಟುವ ನೆವದಲ್ಲಿ ಬಗ್ಗಿ, ಅವಳ ಕಡೆ ಮುಖ ಎತ್ತಿದ.

‘ಅಕ್ಕ, ಆ ಫೈಲ್‌ನಲ್ಲಿ ನನ್ನ ಹೆಸರೂ ಇದೆ. ಕೈ ಅದಲುಬದಲು ಮಾಡ್ತಾನೆ ಅಂತ. ಇವತ್ತು ಪುಸ್ತಕದ ಪ್ರಕಾರವೇ ತೋರಿಸ್ತೀನಿ.’

‘ತೋರಿಸು. ನಂಗೇನು?’ ಎಂದಳು. ನಂಗೇನು ಎಂದಳೇ ಹೊರತು ಪೆನ್ನುಗಳನ್ನು ಅತ್ತಿಂದಿತ್ತ ಇಟ್ಟು ಮತ್ತೆ ಮೊದಲಿನ ಜಾಗಕ್ಕೇ ತಂದಳು.

ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಬಿಳಿ ಅಂಗಿಯವರು ಮತ್ತು ನೀಲಿ ಅಂಗಿಯವರು ಒಬ್ಬರ ಬೆನ್ನಿಗೆ ಒಬ್ಬರು ಬಿದ್ದ ಹಾಗೆ ಅಂಕ ಹಾಕುತ್ತಿದ್ದರು. ನಾಲ್ಕೂವರೆ ಒಮ್ಮೆ ಬಲಮುಷ್ಟಿ ಎತ್ತಿ ಎಡಗೈಯಲ್ಲಿ ಎರಡು ಬೆರಳು ತೋರಿಸಿದ. ಹನ್ನೆರಡು. ಕೈ ಅದಲುಬದಲಾದ್ದರಿಂದ ಕನ್ನಡಿಯಲ್ಲಿ ನೋಡಿದ ಹಾಗಾಯಿತು, ಆದರೂ ಬರೆದಳು, ಹೆಬ್ಬೆರಳು ಎತ್ತಿದಳು. ಮೇಜಿನ ತುದಿಯಲ್ಲಿ ಪರಿವೀಕ್ಷಕರು ತಮ್ಮ ಹಾಳೆಯ ಮೇಲೆ ಏನೋ ಗೀಚಿಕೊಂಡರು. ಅವರು ಕೆಟ್ಟವರೇನಲ್ಲ. ಆಟ ಸರಿಯಾಗಿ ನಡೆಯಲಿ ಎಂದು ಬಂದ ಮನುಷ್ಯ, ಮೇಜಿನಲ್ಲಿ ಎಲ್ಲರಿಗೂ ನೀರು ಬಗ್ಗಿಸಿಕೊಟ್ಟವರು. ಕೆಟ್ಟವರಾಗಿದ್ದರೆ ಅಕ್ಕನಿಗೆ ಅಷ್ಟು ಭಯ ಇರುತ್ತಿರಲಿಲ್ಲ.

ಭಯ ಹೆಚ್ಚಿದ್ದು ಆಟದ ಮೂರನೇ ಕಾಲುಭಾಗದಲ್ಲಿ. ಬಿಳಿ ತಂಡದ ಬಲವೆಂದರೆ ಹದಿನಾಲ್ಕನೇ ನಂಬರಿನ ಉದ್ದ ಜಡೆಯ ಹುಡುಗಿ. ತಂಡದ ಅರ್ಧ ಅಂಕ ಅವಳದೇ. ಆದರೆ ಅವಳ ಮುಂದಿನ ಚೌಕಗಳು ಒಂದೊಂದಾಗಿ ತುಂಬುತ್ತಿದ್ದವು. ಅವಳ ಮೂರನೇದು, ನಾಲ್ಕನೇದು ಎರಡನ್ನೂ ತೋರಿಸಿದವಳು ಎರಡನೇ ರೆಫರಿ, ಬೆರಳೆಲ್ಲ ನೆಟ್ಟಗಿರುವ ಎಳೆಯ ಹೆಂಗಸು. ಅವಳ ಹದಿನಾಲ್ಕನ್ನು ಮೆಟ್ಟಿಲ ಕೊನೆಯವರೂ ಓದಬಹುದಿತ್ತು. ಇನ್ನೊಂದು ತಪ್ಪಾದರೆ ಜಡೆಯ ಹುಡುಗಿ ಹೊರಗೆ. ಅವಳ ಜೊತೆಗೇ ಬುಟ್ಟಿಯ ಕೆಳಗೆ ನಿಲ್ಲುವವಳು ಹದಿನೈದನೇ ನಂಬರಿನ ಗಿಡ್ಡ ಹುಡುಗಿ, ಅವಳದು ಎರಡೇ ತಪ್ಪು. ಅಕ್ಕ ಆ ಎರಡು ಸಾಲುಗಳನ್ನು ಪದೇ ಪದೇ ನೋಡಿಕೊಂಡಳು. ಒಂದರ ಕೆಳಗೆ ಒಂದು, ನಡುವೆ ಒಂದು ಗೆರೆ ಅಷ್ಟೇ.

ಕೊನೆಯ ನಿಮಿಷಕ್ಕೆ ಬಂದಾಗ ಬಿಳಿಯವರಿಗೆ ಐವತ್ತೆಂಟು, ನೀಲಿಯವರಿಗೆ ಐವತ್ತೇಳು. ಮೇಜಿನ ಹಲಗೆ ನಡುಗುತ್ತಿತ್ತು. ಜನ ಕಾಲಿನಲ್ಲಿ ಮೆಟ್ಟಿಲು ಒದೆಯುತ್ತಿದ್ದಾರೆ ಎಂದು ಅಕ್ಕನಿಗೆ ಅಂಗೈಯಿಂದಲೇ ಗೊತ್ತಾಯಿತು. ನೀಲಿಯ ಹುಡುಗಿಯೊಬ್ಬಳು ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗಿದಳು. ಹದಿನಾಲ್ಕೂ ಹದಿನೈದೂ ಒಟ್ಟಿಗೇ ಹಾರಿದರು. ಮೂವರೂ ಒಂದೇ ಗಂಟಾಗಿ ಕೆಳಗೆ ಬಿದ್ದರು. ಮಗಳ ಮೊಣಕಾಲು ತಾಗಿತು: ಸೀಟಿ. ಮಗಳು ಗಡಿಯಾರ ನಿಲ್ಲಿಸಿದಳು. ಮೂವತ್ತೆಂಟು ಸೆಕೆಂಡು.

ನಾಲ್ಕೂವರೆ ಮುಷ್ಟಿ ಎತ್ತಿದ್ದ. ಬೆವರು ಸುರಿಸುತ್ತಾ ಮೇಜಿನೆದುರು ಬಂದು ನಿಂತ. ಬಲಮುಷ್ಟಿ ಮೇಲೆ ಹೋಯಿತು. ಪಕ್ಕದಲ್ಲಿ ಎಡಗೈ ಬಿಚ್ಚಿಕೊಂಡಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಆಮೇಲೆ ಮಣಿಕಟ್ಟಿಗೆ ಹೊಡೆದುಕೊಂಡ. ಆಮೇಲೆ ಎರಡು ಬೆರಳು ಕೆಳಗೆ ಬೀಸಿದ: ನೀಲಿಯವರಿಗೆ ಯಾರೂ ಅಡ್ಡ ಬರದ ಎರಡು ಬಿಡುಎಸೆತ.

ಅಕ್ಕ ಒಂದು ರೆಪ್ಪೆ ಬಡಿಯುವಷ್ಟೂ ಯೋಚಿಸಲಿಲ್ಲ. ಗಿರಣಿಯಲ್ಲಿ ಅವನ ಬಲಗೈಯಲ್ಲಿ ಯಾವಾಗಲೂ ಸ್ಪ್ಯಾನರ್, ಲೆಕ್ಕವೆಲ್ಲ ಎಡಗೈಯದೇ. ಬೆರಳು ಹೋದ ಮೇಲೂ ಎಷ್ಟು ಕದಿರು ನಿಂತಿವೆ ಎಂದು ಅವನು ಆ ಕೈಯಲ್ಲೇ ತೋರಿಸುತ್ತಿದ್ದ. ಹೆಬ್ಬೆರಳು ಒಳಗೆ ಮಡಚಿದರೆ ನಾಲ್ಕು. ಹೆಬ್ಬೆರಳೂ ಬಿಚ್ಚಿದರೆ ಐದು. ಐದನೇದು ಇಲ್ಲದಿದ್ದರೂ ಐದು. ಅವಳು ಹದಿನೈದರ ಮುಂದೆ ಮೂರನೇ ಚೌಕ ತುಂಬಿ, ‘೩’ ಎಂದು ತಪ್ಪಿನ ಲೆಕ್ಕ ಬರೆದ ಹಲಗೆ ಎತ್ತಿ ಹಿಡಿದಳು.

ಒಂದು ಕೈ ಬಂದು ಹಾಳೆಯ ಮೇಲೆ ಬಿತ್ತು. ಪರಿವೀಕ್ಷಕರದು.

ಅವಳು ತಲೆ ಎತ್ತಿದಾಗ ಇಡೀ ಸಭಾಂಗಣದ ಬಾಯಿ ತೆರೆದಿತ್ತು. ನೀಲಿ ತಂಡದ ತರಬೇತುದಾರ ಗೆರೆಯ ಹತ್ತಿರ ನಿಂತು ನಾಲ್ಕು ಬೆರಳು ಅಲ್ಲಾಡಿಸುತ್ತಿದ್ದ. ಬಿಳಿಯ ಬೆಂಚಿನಲ್ಲಿ ಯಾರೋ ತಲೆ ಹಿಡಿದುಕೊಂಡಿದ್ದರು. ಜಡೆಯ ಹುಡುಗಿಯಂತೂ ತಾನೇ ಹೊರಗೆ ಎಂದುಕೊಂಡು, ಅಂಗಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ಬೆಂಚಿನ ಕಡೆ ಹೆಜ್ಜೆ ಹಾಕಿಬಿಟ್ಟಿದ್ದಳು. ಎಲ್ಲರೂ ನೋಡಿದ್ದು ಒಂದು ಮುಷ್ಟಿ, ನಾಲ್ಕು ಬೆರಳು.

ಪರಿವೀಕ್ಷಕರ ಮೀಸೆ ಅಲುಗಿತು. ಮಗಳು ಗಾಬರಿಯಲ್ಲಿ ಮೇಜಿನ ಕೆಳಗೆ ಎಂಬುದನ್ನೇ ಮರೆತು ಎಲ್ಲರೆದುರು ಕೈಯಾಡಿಸಿದಳು: ಹದಿನಾಲ್ಕು ಅಂತಾರೆ, ಐದನೇ ತಪ್ಪು ಅಂತಾರೆ. ಪರಿವೀಕ್ಷಕರು ಮಗಳ ಕೈಯನ್ನು ನೋಡಿದರು, ತಾಯಿಯ ಕಣ್ಣನ್ನು ನೋಡಿದರು. ಅವರಿಗೆ ಅರ್ಥವಾಯಿತು. ಚೀಟಿ ಹರಿದು ಬರೆದು ಅವಳ ಮುಂದೆ ತಳ್ಳಿದರು. ಬೈದು ಬರೆದಿರಲಿಲ್ಲ, ಅದೇ ಕಷ್ಟ. ‘ರೆಫರಿ ತೋರಿಸಿದ್ದು 14. ಎಲ್ಲರೂ ಹೇಳುತ್ತಿರುವುದು ನಿಮಗೆ ಕೇಳಿಸಿಲ್ಲ. ದಯವಿಟ್ಟು ತಿದ್ದಿ.’

ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ತಿದ್ದಿದರೆ ತಪ್ಪು ಅವಳದಾಗುತ್ತದೆ, ಮೇಜು ಇವತ್ತಿಗೇ ಕೊನೆ. ಮೇಲಾಗಿ ಏನೂ ಮಾಡದ ಹುಡುಗಿ ಹೊರಗೆ ಹೋಗುತ್ತಾಳೆ. ತಿದ್ದುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ‘ಅವನ ನಾಲ್ಕು ಬೆರಳೇ ಐದು, ಅದು ನನಗೊಬ್ಬಳಿಗೇ ಗೊತ್ತು’ ಎಂದು ಹೇಳಬೇಕಾಗುತ್ತದೆ. ಮೇಜಿನಲ್ಲಿ ಒಬ್ಬಳು ಕಿವುಡಿಯ ಹೊರತು ಯಾರೂ ಓದಲಾರದ ಕೈಯನ್ನು ಯಾರಾದರೂ ಸೀಟಿಯ ಜೊತೆ ಇಟ್ಟುಕೊಳ್ಳುತ್ತಾರೆಯೇ? ಆರು ವರ್ಷ ಮುಚ್ಚಿಟ್ಟ ಅವನ ಕೈಯನ್ನು ಸಂತೆಯಲ್ಲಿ ಹರಡಿದ ಹಾಗೆ.

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಪುಸ್ತಕದ ಮೇಲೆ, ಮೀಸೆಯ ಮೇಲೆ, ಅದಲುಬದಲು ಮಾಡಿಕೊಂಡೇ ಇರುವ ಬದಲು ಇವತ್ತೇ ಶಿಸ್ತು ನೆನಪಾದ ಆ ಫಿಟ್ಟರನ ಮೇಲೆ.

‘ತಿದ್ದಲ್ಲ’ ಎಂದಳು. ದನಿ ಎಷ್ಟು ಏರಿತ್ತೋ ದೇವರಿಗೇ ಗೊತ್ತು. ‘ನಾನು ನೋಡಿದ್ದು ಹದಿನೈದು. ಬೇಕಾದ್ರೆ ತೋರಿಸಿದವರನ್ನೇ ಕರೆದು ಕೇಳಿ.’

ಪರಿವೀಕ್ಷಕರು ಕೈ ಬೀಸಿ ಕರೆದರು. ನಾಲ್ಕೂವರೆ ಮೇಜಿನ ಎದುರು, ಎರಡು ಮಾರು ದೂರದಲ್ಲಿ ಬಂದು ನಿಂತ. ಎರಡನೇ ರೆಫರಿಯೂ ಬಂದಳು. ಪರಿವೀಕ್ಷಕರು ಕೇಳಿದ್ದನ್ನು ಅಕ್ಕ ಕೇಳಬೇಕಾಗಿರಲಿಲ್ಲ. ಯಾರ ನಂಬರು?

ಅವನು ಮೊದಲು ಸುತ್ತ ನೋಡಿದ. ನಾಲ್ಕು ಬೆರಳು ತೋರಿಸುತ್ತಿದ್ದ ತರಬೇತುದಾರನನ್ನು, ಹಾಳೆಯನ್ನು, ಹಾಳೆಯ ಮೇಲಿದ್ದ ಪರಿವೀಕ್ಷಕರ ಕೈಯನ್ನು. ಏನಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಅವನ ಮುಖದ ಬಣ್ಣ ಇಳಿದದ್ದನ್ನು ಅಕ್ಕ ಕಂಡಳು. ಹದಿನಾಲ್ಕು ಎಂದು ಒಂದು ಮಾತು ಹೇಳಿದರೆ ಸಾಕು, ಅವನ ಕೈ ಎಲ್ಲರ ಕೈಯ ಹಾಗೇ ಓದಬಲ್ಲ ಕೈ ಆಗಿ ಉಳಿಯುತ್ತದೆ. ತಪ್ಪು ಹಾಳೆಯದಾಗುತ್ತದೆ. ಕಿವುಡಿ ತಪ್ಪು ಬರೆದಳು ಎಂದರೆ ನಂಬದವರು ಯಾರಿದ್ದಾರೆ?

ಅವನು ಅವಳ ಕಡೆ ನೋಡಿದ. ಅವಳ ಕೈಗೆ ಮಾತು ಬಂದುಬಿಟ್ಟಿತ್ತು. ಬೆರಳು ತಾವಾಗಿಯೇ ಏಳಲು ಹೊರಟವು. ‘ಐದು ಅನ್ನು’ ಎನ್ನುವುದಕ್ಕೋ, ‘ಹೋಗಲಿ, ನನ್ನನ್ನ ಬಿಟ್ಟುಬಿಡು’ ಎನ್ನುವುದಕ್ಕೋ ಅವಳಿಗೇ ತಿಳಿಯದು. ಏನಂದರೂ ಅದು ಅವನ ಅನ್ನಕ್ಕಿಂತ ಹೆಚ್ಚಿನದನ್ನು ಅವನಿಂದ ಕೇಳಿದಂತೆ, ಇಲ್ಲವೇ ಏನೂ ಮಾಡದ ಹುಡುಗಿಯನ್ನು ಮಾರಿದಂತೆ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಹಾಕಿ ಕೂತಳು. ಬೆರಳು ಕುರ್ಚಿಯ ಮರಕ್ಕೆ ಒತ್ತಿ ನೋಯುವಷ್ಟು ಗಟ್ಟಿಯಾಗಿ ಕೂತಳು.

ನಾಲ್ಕೂವರೆ ಎರಡು ಹೆಜ್ಜೆ ಹಿಂದೆ ಸರಿದ. ಇಡೀ ಸಭಾಂಗಣಕ್ಕೆ ಕಾಣುವ ಹಾಗೆ ತಿರುಗಿ, ಎಡಮುಷ್ಟಿ ಎತ್ತಿದ. ಬಲಗೈಯ ಐದೂ ಬೆರಳು ಬಿಚ್ಚಿದ. ಪುಸ್ತಕಕ್ಕೆ ಉಲ್ಟಾ, ಆರು ವರ್ಷದ ಅದೇ ಹಳೆಯ ಚಾಳಿ. ಮುಷ್ಟಿ ಮತ್ತು ಐದು. ಹದಿನೈದು. ಆಮೇಲೆ ಪರಿವೀಕ್ಷಕರ ಹತ್ತಿರ ಬಂದು ಎಡಗೈಯನ್ನು ಅವರ ಮುಖದ ಮುಂದೆ ಬಿಚ್ಚಿ ಹಿಡಿದ. ಮೀಸೆ ಇಲ್ಲದ ಅವನ ತುಟಿಯಿಂದ ಅಕ್ಕ ಒಂದೊಂದು ಮಾತನ್ನೂ ಓದಿದಳು.

‘ಇದು ಐದು ಸಾರ್. ಇದಕ್ಕಿಂತ ಜಾಸ್ತಿ ಈ ಕೈಲಿ ಬರಲ್ಲ. ಹಾಳೆ ಸರಿಯಾಗಿದೆ.’

ಪರಿವೀಕ್ಷಕರು ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯ ಮೇಲಿಂದ ತಮ್ಮ ಕೈ ತೆಗೆದರು.

ಜಡೆಯ ಹುಡುಗಿಯನ್ನು ಬೆಂಚಿನಿಂದ ವಾಪಸು ಕರೆದರು. ಗಿಡ್ಡ ಹುಡುಗಿ ತಾನೇ ಕೈ ಎತ್ತಿ ಒಪ್ಪಿಕೊಂಡಳು, ಅದನ್ನು ಮೊದಲೇ ಮಾಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ನೀಲಿಯವರು ಎರಡು ಬಿಡುಎಸೆತವನ್ನೂ ಹಾಕಿದರು. ಐವತ್ತೆಂಟಕ್ಕೆ ಐವತ್ತೊಂಬತ್ತು. ಕೊನೆಯ ಮೂರು ಸೆಕೆಂಡಿನಲ್ಲಿ ಚೆಂಡು ಜಡೆಯ ಹುಡುಗಿಯ ಕೈಗೇ ಬಂತು, ಅವಳು ಎಸೆದಳು, ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಹೊಡೆದು ಆಚೆಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೀಲಿಯವರು ಗೆದ್ದರು. ಹುಡುಗಿ ನೆಲಕ್ಕೆ ಕೂತು ಅತ್ತಳು. ಅಕ್ಕ ನೀಲಿ ಪೆನ್ನಿನಿಂದ ಕೊನೆಯ ಅಂಕಕ್ಕೆ ಸುತ್ತು ಹಾಕಿ ಎರಡು ಗೆರೆ ಎಳೆದಳು.

ಜನ ಕರಗಿದ ಮೇಲೆ ಪರಿವೀಕ್ಷಕರು ಫೈಲು ತೆಗೆದು ಮೇಜಿನ ಎದುರು, ಅವಳ ಕಣ್ಣ ಮುಂದೆ ಕೂತರು. ಈಗ ಅವರು ಬೆನ್ನ ಹಿಂದೆ ನಿಲ್ಲಲಿಲ್ಲ.

‘ನಂಗೆ ಏನೂ ಕೇಳ್ಸಲ್ಲ’ ಎಂದಳು ಅಕ್ಕ, ಅವರು ಕೇಳುವ ಮೊದಲೇ. ‘ಸ್ವಲ್ಪ ಮಂದ ಅಲ್ಲ. ಪೂರ್ತಿ. ಬರ್ಕೊಳ್ಳಿ.’

ಅವರು ನಿಧಾನವಾಗಿ ಬರೆದು, ಹಾಳೆ ತಿರುಗಿಸಿ ತೋರಿಸಿದರು. ಹಾಳೆ ಬರೆಯುವವರಿಗೆ ಕಿವಿ ಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಕಣ್ಣು ಚೆನ್ನಾಗಿದೆ. ಮುಂದುವರಿಯಬಹುದು. ಅದರ ಕೆಳಗೆ ಇನ್ನೊಂದು ಸಾಲಿತ್ತು. ರೆಫರಿಯ ಕೈಸನ್ನೆ ಎಲ್ಲರಿಗೂ ಸ್ಪಷ್ಟವಾಗಿರಬೇಕು ಎಂದು ನಿಯಮದಲ್ಲಿದೆ. ರೆಫರಿಗಳ ಪಟ್ಟಿಯಿಂದ ಇವರ ಹೆಸರು ತೆಗೆಯಲು ಶಿಫಾರಸು.

ಅವಳು ಎರಡು ಸಲ ಓದಿದಳು. ಪೆನ್ನುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ‘ಹಾಗಾದ್ರೆ ನಾನೂ ಬರಲ್ಲ. ಬೇರೆಯವರನ್ನ ನೋಡ್ಕೊಳ್ಳಿ’ ಎಂದು ಎದ್ದು ನಿಂತಳು. ಮಗಳು ಸೆರಗು ಹಿಡಿದು ಎಳೆದಳು. ಅಕ್ಕ ಕೂರಲಿಲ್ಲ.

ನಾಲ್ಕೂವರೆ ಅಲ್ಲೇ ಇದ್ದ. ಆಟದ ಹಾಳೆಗೆ ಕೊನೆಯ ಸಹಿ ಮುಖ್ಯ ರೆಫರಿಯದು. ಅವನು ಸಹಿ ಹಾಕುವವರೆಗೆ ಆಟ ಮುಗಿದಂತಲ್ಲ, ಹಾಕಿದ ಮೇಲೆ ಅವನಿಗೂ ಆ ಆಟಕ್ಕೂ ಸಂಬಂಧವಿಲ್ಲ. ಅವನು ಅವಳ ಡಬ್ಬಿಯನ್ನೇ ತೆರೆದು ನೀಲಿ ಪೆನ್ನು ತೆಗೆದುಕೊಂಡ. ಹಾಳೆಯ ಮೇಲೆ ಕಣ್ಣಾಡಿಸಿದ. ಹದಿನಾಲ್ಕರ ಸಾಲಿನಲ್ಲಿ ಖಾಲಿ ಉಳಿದ ಐದನೇ ಚೌಕದ ಮೇಲೆ ಒಂದು ಕ್ಷಣ ಬೆರಳಿಟ್ಟ. ಆಮೇಲೆ, ಆತುರವೇ ಇಲ್ಲದವನ ಹಾಗೆ, ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ.

‘ಕೂತ್ಕೊಳ್ಳಿ ಅಕ್ಕ’ ಎಂದ ಅವಳ ಕಡೆ ಮುಖ ಮಾಡಿ.

‘ಸಾಧ್ಯ ಇಲ್ಲ.’

‘ಹೊಸಬರು ಬರ್ತಾರೆ. ಎಲ್ಲಾ ಬೆರಳೂ ಇರುತ್ತೆ ಅವರಿಗೆ. ನಿಮಗೆ ಸುಲಭ.’

‘ನಂಗೆ ಸುಲಭ ಬೇಕು ಅಂತ ಯಾರು ಹೇಳಿದ್ದು ನಿಂಗೆ?’ ಎಂದಳು. ಅಳುವುದು ಅವಳಿಗೆ ಆಗದ ಕೆಲಸ, ಅದೂ ಪರಿವೀಕ್ಷಕರ ಮುಂದೆ. ಎರಡು ಕೈಗಳನ್ನೂ ಮೇಜಿನ ಮೇಲೆ ಊರಿ ತಲೆ ತಗ್ಗಿಸಿದಳು.

ಗಿರಣಿಯಲ್ಲಿ ಪಾಳಿ ಬದಲಾಗುವಾಗ ಯಾರೂ ಯಾರಿಗೂ ಹೋಗಿಬರುತ್ತೇನೆ ಎನ್ನುತ್ತಿರಲಿಲ್ಲ. ಎಂದರೂ ಕೇಳಿಸಬೇಕಲ್ಲ. ಹೋಗುವವರು ಯಂತ್ರದ ಚೌಕಟ್ಟಿಗೆ ಎರಡು ಸಲ ಬಡಿಯುತ್ತಿದ್ದರು. ಬರುವವರು ಅದೇ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಅದನ್ನು ತಿಳಿಯುತ್ತಿದ್ದರು: ಇನ್ನು ಯಂತ್ರ ನಿನ್ನದು, ನೂಲು ಕಡಿಯದ ಹಾಗೆ ನೋಡಿಕೋ.

ಹಾಳೆ ಅಕ್ಕನ ಅಂಗೈಯ ಕೆಳಗೆ ಮೇಜಿನ ಹಲಗೆ ಎರಡು ಸಲ ಅದುರಿತು. ಅವಳು ತಲೆ ಎತ್ತುವಷ್ಟರಲ್ಲಿ ಅವನು ಸೀಟಿಯ ದಾರವನ್ನು ಎಡಗೈಗೆ ಸುತ್ತಿಕೊಳ್ಳುತ್ತಾ ಬಾಗಿಲ ಹತ್ತಿರ ಹೋಗಿದ್ದ. ಅವಳು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. ಆಮೇಲೆ ಕೂತು, ಹಾಳೆಯ ಮೂರು ಪ್ರತಿಗಳನ್ನು ಬಿಡಿಸಿ, ಒಂದನ್ನು ಪರಿವೀಕ್ಷಕರ ಕಡೆ ತಳ್ಳಿದಳು.